ಡೈಲಾಗ್ ಸೀನ್ ಎಡಿಟ್ ಮಾಡಲು ಕಲಿಯುವವರಿಗೆ: ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರ ಮೇಲೆ ಕಣ್ಣಿಡಿ

ಫೈಟ್ ಸೀನ್ ಎಡಿಟ್ ಮಾಡುವುದೇ ಕಷ್ಟ ಅಂತ ಹೊಸಬರು ಅಂದುಕೊಂಡಿರುತ್ತಾರೆ. ಆದರೆ ಜಾಸ್ತಿ ಕಾಡುವುದು ಇಬ್ಬರು ಕೂತು ಮಾತಾಡುವ ಸೀನು. ಫೈಟಲ್ಲಿ ಒಂದು ಕಟ್ ಕೆಟ್ಟರೆ ಮುಂದಿನ ಏಟಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಮಾತಿನ ಸೀನಲ್ಲಿ ಕಟ್ ನಾಲ್ಕು ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರವೇ ಫ್ರೇಮ್) ಬೇಗ ಬಿದ್ದರೂ ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಏನು ಅಂತ ಬಿಡಿಸಿ ಹೇಳೋಕೆ ಅವರಿಗೆ ಬರಲ್ಲ. "ಸ್ವಲ್ಪ ಲ್ಯಾಗ್ ಅಲ್ವಾ" ಅಂದು ಸುಮ್ಮನಾಗುತ್ತಾರೆ.

ಯಾವ ಬಟನ್ ಎಲ್ಲಿದೆ ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಫೂಟೇಜ್ ಕೈಗೆ ಬಂದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ತಲೆ ಓಡಿಸಬೇಕು ಅನ್ನುವುದಷ್ಟೇ ನೋಡೋಣ.

ಉದಾಹರಣೆಗೆ ಒಂದು ಪುಟ್ಟ ಸೀನ್ ಇಟ್ಟುಕೊಳ್ಳೋಣ. ಅಡುಗೆಮನೆ. ಅಕ್ಕ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದಾಳೆ. ತಮ್ಮ ಬಾಗಿಲ ಹತ್ತಿರ ಕೂತಿದ್ದಾನೆ.

ತಮ್ಮ: ಅಕ್ಕಾ, ಒಂದ್ ವಿಷ್ಯ ಹೇಳ್ಬೇಕಿತ್ತು.
ಅಕ್ಕ: ದುಡ್ಡಾ?
ತಮ್ಮ: ಅಲ್ಲ... ಹೂಂ.
ಅಕ್ಕ: ಎಷ್ಟು?
ತಮ್ಮ: ಐವತ್ತು.
ಅಕ್ಕ: ಸಾವಿರಾನಾ?
ತಮ್ಮ: ಭಾವಂಗೆ ಹೇಳ್ಬೇಡ.
ಅಕ್ಕ: ನಿಮ್ ಭಾವ ನಿಂಗೇಂತ ಎತ್ತಿಟ್ಟಿದ್ದ ದುಡ್ಡನ್ನ ನಾನು ಬೆಳಿಗ್ಗೆ ಚೀಟಿಗೆ ಕಟ್ಟಿಬಿಟ್ಟೆ.

ಇಷ್ಟೇ. ಓದಿದರೆ ಅರ್ಧ ನಿಮಿಷ. ಎಡಿಟ್ ಆದ ಮೇಲೆ ಮುಕ್ಕಾಲು ನಿಮಿಷವೂ ಆಗಬಹುದು, ಎರಡು ನಿಮಿಷವೂ ಆಗಬಹುದು. ಆ ವ್ಯತ್ಯಾಸ ನಿಮ್ಮ ಕೈಯಲ್ಲಿದೆ.

ಫೂಟೇಜ್ ಎಲ್ಲಿಂದ?

ಸಾಧ್ಯವಾದರೆ ಬೇರೆಯವರು ಶೂಟ್ ಮಾಡಿದ್ದನ್ನು ತೆಗೆದುಕೊಳ್ಳಿ. ನೀವೇ ಶೂಟ್ ಮಾಡಿದ್ದರೆ, ಕುರ್ಚಿ ಮೇಲೆ ಹತ್ತಿ, ಬೆವರು ಸುರಿಸಿ ತೆಗೆದ ಶಾಟನ್ನು ಬಿಸಾಡೋಕೆ ಮನಸ್ಸೇ ಬರಲ್ಲ. ಕಾಲೇಜಿನಲ್ಲಿ ಎರಡು ತಂಡ ಇದ್ದರೆ ಹಾರ್ಡ್‌ಡಿಸ್ಕ್ ಅದಲುಬದಲು ಮಾಡಿಕೊಳ್ಳಿ. ಪುಣೆಯ ಎಫ್‌ಟಿಐಐ, ಕೋಲ್ಕತ್ತಾದ ಎಸ್‌ಆರ್‌ಎಫ್‌ಟಿಐ ಥರದ ಸಿನಿಮಾ ಕಲಿಸುವ ಸಂಸ್ಥೆಗಳಲ್ಲಿ ಎಡಿಟಿಂಗ್‌ಗೆ ಬೇರೆಯದೇ ವಿಭಾಗ ಇದೆ. ನಿರ್ದೇಶಕ ಒಬ್ಬ, ಎಡಿಟರ್ ಇನ್ನೊಬ್ಬ ಅನ್ನುವ ಅಭ್ಯಾಸ ಅಲ್ಲಿ ವಿದ್ಯಾರ್ಥಿ ದೆಸೆಯಲ್ಲೇ ಆಗಿಬಿಡುತ್ತದೆ. ಮನೆಯಲ್ಲಿ ಕಲಿಯುವವರು ಅದನ್ನು ತಾವೇ ಮಾಡಿಕೊಳ್ಳಬೇಕು.

ಕನಿಷ್ಠ ಇಷ್ಟು ಬೇಕು: ಇಬ್ಬರೂ ಕಾಣುವ ಮಾಸ್ಟರ್ ಶಾಟ್, ಅಕ್ಕನ ಭುಜದ ಮೇಲಿಂದ ತಮ್ಮ, ತಮ್ಮನ ಭುಜದ ಮೇಲಿಂದ ಅಕ್ಕ (ನಮ್ಮ ಸೆಟ್‌ಗಳಲ್ಲಿ ಇದಕ್ಕೆ ಸಜೆಷನ್ ಶಾಟ್ ಅನ್ನುತ್ತಾರೆ), ಇಬ್ಬರದೂ ಒಂದೊಂದು ಕ್ಲೋಸ್ (ಮುಖ ಹತ್ತಿರದಿಂದ ತೆಗೆದ ಶಾಟ್), ಮತ್ತೆ ಕಾಳು ಹಿತುಕುವ ಕೈಯದೊಂದು ಇನ್ಸರ್ಟ್. ಪ್ರತಿ ಶಾಟಲ್ಲೂ ಪೂರ್ತಿ ಸೀನ್ ಆಡಿಸಿರಬೇಕು. "ಅವನ ಕ್ಲೋಸಲ್ಲಿ ಅವನ ಮಾತು ಮಾತ್ರ" ಅಂತ ತೆಗೆದಿದ್ದರೆ ಅವನು ಕೇಳಿಸಿಕೊಳ್ಳುವ ಮುಖ ನಿಮ್ಮ ಹತ್ತಿರ ಇರುವುದೇ ಇಲ್ಲ. ಆ ಮುಖ ಇಲ್ಲದೆ ಈ ಕೆಲಸ ಆಗಲ್ಲ.

ಇಬ್ಬರ ನಡುವೆ ಒಂದು ಗೆರೆ ಎಳೆದು, ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿ ಇರಲಿ. ಗೆರೆ ದಾಟಿದರೆ ಅಕ್ಕನೂ ತಮ್ಮನೂ ಒಂದೇ ದಿಕ್ಕಿಗೆ ನೋಡುತ್ತಿರುವ ಹಾಗೆ ಕಾಣುತ್ತದೆ. ಎಡಿಟಲ್ಲಿ ಇದಕ್ಕೆ ಒಳ್ಳೆಯ ಮದ್ದಿಲ್ಲ.

ಶೂಟ್ ಮಾಡುವವರಿಗೆ ಇನ್ನೆರಡು ಮಾತು ಹೇಳಿಬಿಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಕೆಳಗೆ ಕ್ಯಾಮೆರಾದ ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ (1/50) ಇಡದಿದ್ದರೆ ಚಿತ್ರದಲ್ಲಿ ಪಟ್ಟೆ ಓಡುವ ಸಾಧ್ಯತೆ ಇದೆ. ಮನೆಯೊಳಗಿನ ಅಭ್ಯಾಸಕ್ಕೆ ಸೆಕೆಂಡಿಗೆ 25 ಫ್ರೇಮ್ ಇಟ್ಟುಕೊಂಡರೆ ತಲೆನೋವು ಕಮ್ಮಿ. ಹಾಗೇ ಎಲ್ಲ ಮುಗಿದ ಮೇಲೆ ಯಾರೂ ಉಸಿರೆತ್ತದೆ, ಅದೇ ಜಾಗದಲ್ಲಿ, 30 ಸೆಕೆಂಡ್ ಖಾಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಲಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಶೂಟಿಂಗ್ ದಿನ ಇದನ್ನು ಕೇಳಿದರೆ ಎಲ್ಲರೂ ನಗುತ್ತಾರೆ. ಎಡಿಟ್ ದಿನ ನೀವು ಅವರಿಗೆ ಕೈ ಮುಗಿಯುತ್ತೀರಿ.

ಕಂಪ್ಯೂಟರ್ ಕೆಲಸ, ಬೇಗ ಮುಗಿಸೋಣ

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ವಿದ್ಯಾರ್ಥಿಗೆ ಧಾರಾಳ ಸಾಕು. ಅದು ಭಾರ ಅನಿಸುವ ಹಳೇ ಲ್ಯಾಪ್‌ಟಾಪ್ ಇದ್ದರೆ ಕೆಡೆನ್‌ಲೈವ್ ಇದೆ, ಅದೂ ಉಚಿತ. ಎರಡರಲ್ಲೂ ಪ್ರಾಕ್ಸಿ ಮಾಡಿಕೊಳ್ಳಬಹುದು. ಅಂದರೆ ಫೂಟೇಜಿನ ಹಗುರವಾದ ನಕಲು. ಅದರ ಮೇಲೆ ಎಡಿಟ್ ಮಾಡಿ, ಕೊನೆಗೆ ಮೂಲ ಫೂಟೇಜಿಗೆ ಮರಳುವುದು. ಪ್ಲೇ ಒತ್ತಿದಾಗ ತಡೆತಡೆದು ಓಡುವ ಟೈಮ್‌ಲೈನಲ್ಲಿ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಕೂತು ಲಯದ ಬಗ್ಗೆ ತೀರ್ಮಾನ ಮಾಡೋಕೆ ಆಗುವುದಿಲ್ಲ. ಹಾಗಾಗಿ ಸೋಮಾರಿತನ ಮಾಡದೆ ಪ್ರಾಕ್ಸಿ ಮಾಡಿ.

ರಿಸಾಲ್ವ್‌ನಲ್ಲಿ ಪ್ರಾಜೆಕ್ಟಿನ ಫ್ರೇಮ್ ರೇಟ್ ಮೊದಲೇ ಸರಿಮಾಡಿ. ಫೂಟೇಜ್ ಒಳಗೆ ಬಂದಮೇಲೆ ಬದಲಾಯಿಸೋಕೆ ಬಿಡುವುದಿಲ್ಲ. ಮೊಬೈಲಲ್ಲಿ ಶೂಟ್ ಆಗಿದ್ದರೆ ಇನ್ನೊಂದು ಕಾಟ ಇರುತ್ತದೆ. ಎಷ್ಟೋ ಫೋನುಗಳು ಬೆಳಕು ನೋಡಿಕೊಂಡು ಫ್ರೇಮ್ ರೇಟನ್ನು ತಮಗೆ ತೋಚಿದಂತೆ ಏರಿಳಿಸುತ್ತವೆ. ಶಾಟಿನ ಶುರುವಲ್ಲಿ ತುಟಿ ಮಾತು ಎರಡೂ ಸರಿಯಾಗಿರುತ್ತವೆ, ಕೊನೆಗೆ ಬಂದಾಗ ಬೇರೆ ಬೇರೆ ದಾರಿ ಹಿಡಿದಿರುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಎಲ್ಲವನ್ನೂ ಒಮ್ಮೆ ಪರಿವರ್ತಿಸಿಕೊಂಡರೆ ಆ ಕಾಟ ತಪ್ಪುತ್ತದೆ. ಮೂಲ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ, ಇದನ್ನು ಹೇಳಲೇಬೇಕಾಗಿಲ್ಲ.

ಸಿಂಕ್: ತುಟಿ ನೋಡಿ

ಸಿಂಕ್ ಅಂದರೆ ಚಿತ್ರಕ್ಕೆ ಸದ್ದನ್ನು ಸರಿಯಾಗಿ ಹೊಂದಿಸುವುದು. ಸೌಂಡ್ ಬೇರೆ ರೆಕಾರ್ಡರಿನಲ್ಲಿ ಆಗಿದ್ದರೆ ಕ್ಲಾಪ್ ಬೋರ್ಡ್ ಮುಚ್ಚಿದ ಫ್ರೇಮನ್ನೂ 'ಟಕ್' ಅನ್ನುವ ಸದ್ದನ್ನೂ ಕೂಡಿಸಬೇಕು. ಕ್ಯಾಮೆರಾದಲ್ಲೂ ಸದ್ದು ಇದ್ದರೆ ಸಾಫ್ಟ್‌ವೇರ್ ಸದ್ದಿನ ಅಲೆ ನೋಡಿ ತಾನೇ ಜೋಡಿಸುತ್ತದೆ. ಆದರೂ ಕಣ್ಣಾರೆ ಪರೀಕ್ಷೆ ಮಾಡಿ.

ಪರೀಕ್ಷೆಗೆ ನಮ್ಮ ವರ್ಣಮಾಲೆಯೇ ಸಾಕು. ಪ, ಬ, ಮ ಹೇಳಬೇಕಾದರೆ ತುಟಿ ಮುಚ್ಚಲೇಬೇಕು. "ಭಾವಂಗೆ ಹೇಳ್ಬೇಡ" ಸಾಲಿನಲ್ಲಿ ಎರಡು ಕಡೆ ತುಟಿ ಸೇರುತ್ತದೆ, 'ಭಾ' ಮತ್ತು 'ಬೇ'. ಅಲ್ಲಿಗೆ ಹೋಗಿ ಒಂದೊಂದೇ ಫ್ರೇಮ್ ಸರಿಸಿ. ತುಟಿ ಬಿಡಿಸಿಕೊಳ್ಳುವ ಫ್ರೇಮಲ್ಲೇ ಸದ್ದು ಸಿಡಿಯಬೇಕು. 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ಆಚೀಚೆ ಆದರೆ ಕ್ಲೋಸಲ್ಲಿ ಗೊತ್ತಾಗಿಬಿಡುತ್ತದೆ. ಡಬ್ಬಿಂಗ್ ನೋಡಿ ನೋಡಿ ನಮ್ಮ ಕಣ್ಣು ಸ್ವಲ್ಪ ಉದಾರವಾಗಿದೆ ಅನ್ನುವುದು ಬೇರೆ ಮಾತು. ನೀವು ಉದಾರವಾಗಬೇಡಿ.

ಎಲ್ಲವನ್ನೂ ನೋಡಿ, ಪೇಪರಿನಲ್ಲಿ ಬರೆಯಿರಿ

ಈ ಹೆಜ್ಜೆ ತಪ್ಪಿಸಿಕೊಳ್ಳೋಕೆ ಎಲ್ಲರೂ ಪ್ರಯತ್ನಿಸುತ್ತಾರೆ. 'ಓಕೆ' ಅಂತ ಗುರುತಾದ ಟೇಕ್ ಮಾತ್ರ ನೋಡಿ ಎಡಿಟ್ ಶುರು ಮಾಡುತ್ತಾರೆ. ಎನ್‌ಜಿ (ನೋ ಗುಡ್, ಅಂದರೆ ಕೆಟ್ಟುಹೋದ) ಟೇಕ್‌ಗಳನ್ನೂ ನೋಡಿ. ಡೈಲಾಗ್ ಮರೆತ ಟೇಕಿನಲ್ಲಿ ತಮ್ಮನ ಪಾತ್ರದ ಹುಡುಗ ಅರೆಗಳಿಗೆ ನಿಜವಾಗಿ ಗಾಬರಿಯಾಗಿರುತ್ತಾನೆ. "ಅಲ್ಲ... ಹೂಂ" ಅನ್ನುವ ಮೊದಲು ಹಾಕೋಕೆ ಅದಕ್ಕಿಂತ ಒಳ್ಳೆಯ ಮುಖ ನಿಮಗೆ ಸಿಗಲ್ಲ. 'ಆಕ್ಷನ್' ಹೇಳುವ ಮುಂಚಿನ ನಾಲ್ಕು ಸೆಕೆಂಡ್, 'ಕಟ್' ಹೇಳಿದ ಮೇಲಿನ ಎರಡು ಸೆಕೆಂಡ್ ಕೂಡ ಬಿಡಬೇಡಿ. ನಟರು ನಟಿಸದೇ ಇರುವ ಗಳಿಗೆಗಳು ಅಲ್ಲೇ ಇರುವುದು.

ಮೊದಲ ಸಲ ನೋಡುವಾಗ ಏನನಿಸಿತೋ ಅದನ್ನು ಹಾಗೇ ಬರೆದುಕೊಳ್ಳಿ. "ಟೇಕ್ 3, 'ಸಾವಿರಾನಾ', ಕೈ ನಿಂತಿತು, ಚೆನ್ನಾಗಿದೆ" ಅನ್ನುವಷ್ಟು ಸಾಕು. ಹತ್ತನೇ ಸಲ ನೋಡುವಾಗ ನಿಮಗೆ ಏನೂ ಅನಿಸುವುದಿಲ್ಲ. ಆಗ ಈ ಪೇಪರೇ ಗತಿ.

ಆಮೇಲೆ ಒಂದು ಟೈಮ್‌ಲೈನಲ್ಲಿ ಒಂದೊಂದು ಸಾಲಿನ ಎಲ್ಲ ಟೇಕ್‌ಗಳನ್ನು ಸಾಲಾಗಿ ಜೋಡಿಸಿ. "ದುಡ್ಡಾ?" ಐದು ಸಲ, "ಎಷ್ಟು?" ಐದು ಸಲ, ಹೀಗೆ. ಒಂದೇ ಮಾತು ಬೆನ್ನು ಬೆನ್ನಿಗೆ ಕೇಳಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದರಲ್ಲಿ ಅಕ್ಕ ತಮಾಷೆ ಮಾಡುತ್ತಿದ್ದಾಳೆ, ಒಂದರಲ್ಲಿ ಬೇಸತ್ತಿದ್ದಾಳೆ, ಇನ್ನೊಂದರಲ್ಲಿ ಅವಳಿಗೆ ಆಗಲೇ ವಿಷಯ ಗೊತ್ತಿದೆ. ಯಾವುದು ಸರಿ? ಅದಕ್ಕೆ ಉತ್ತರ ಬೇಕಾದರೆ ಮುಂದಿನ ಪ್ರಶ್ನೆ ಕೇಳಬೇಕು.

ಈ ಸೀನ್ ಯಾರದು?

ಕಟ್ ಮಾಡೋಕೆ ಶುರು ಮಾಡುವ ಮೊದಲು ತೀರ್ಮಾನ ಮಾಡಿ. ತಮ್ಮನದಾದರೆ ಇದು ಬಾಯಿಬಿಟ್ಟು ಕೇಳಲಾಗದವನ ಸೀನ್. ಅಕ್ಕನದಾದರೆ ಇದು ಕೊಡಲಾಗದವಳ ಸೀನ್. ಎರಡೂ ಅದೇ ಫೂಟೇಜಿನಲ್ಲಿದೆ. ಯಾರದು ಅಂತ ನಿರ್ಧರಿಸದೆ ಕೂತರೆ, ಯಾರು ಬಾಯಿ ತೆಗೆಯುತ್ತಾರೋ ಅವರ ಮುಖಕ್ಕೆ ಕಟ್ ಮಾಡುತ್ತಾ ಹೋಗುತ್ತೀರಿ. ವಿದ್ಯಾರ್ಥಿಗಳ ಎಡಿಟ್ ಗುರುತು ಹಿಡಿಯೋಕೆ ಇದೊಂದೇ ಸಾಕು.

ಸೀನಿನಲ್ಲಿ ಗಾಳಿ ಎಲ್ಲಿ ತಿರುಗುತ್ತದೆ ಅಂತಲೂ ಗುರುತಿಸಿ. ಇಲ್ಲಿ ಮೂರು ಕಡೆ: "ಹೂಂ", "ಸಾವಿರಾನಾ?" ಮತ್ತು "ಕಟ್ಟಿಬಿಟ್ಟೆ". ಕ್ಲೋಸ್ ಶಾಟ್‌ಗಳನ್ನು ಇವಕ್ಕಾಗಿ ಉಳಿಸಿ. ಮೊದಲ ಸಾಲಿನಿಂದಲೇ ಕ್ಲೋಸಲ್ಲಿ ಇದ್ದರೆ, ನಿಜವಾಗಿ ಹತ್ತಿರ ಹೋಗಬೇಕಾದಾಗ ಹೋಗೋಕೆ ಜಾಗವೇ ಇರಲ್ಲ.

ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಚಿತ್ರ ಮರೆತುಬಿಡಿ. ಒಳ್ಳೆಯ ಟೇಕ್‌ಗಳ ಮಾತನ್ನಷ್ಟೇ ಜೋಡಿಸಿ, ರೇಡಿಯೋ ನಾಟಕ ಕೇಳುವ ಹಾಗೆ ಕಣ್ಣು ಮುಚ್ಚಿಕೊಂಡು ಕೇಳಿ. ಅಕ್ಕನ ಮಾತು ಒಂದು ಟ್ರ್ಯಾಕಿನಲ್ಲಿ, ತಮ್ಮನದು ಇನ್ನೊಂದರಲ್ಲಿ ಇರಲಿ. ಮುಂದೆ ಲೆವೆಲ್ ಸರಿಮಾಡೋಕೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹತ್ತಿಸೋಕೆ ಸುಲಭ.

ನಟರು ಸೆಟ್ಟಿನಲ್ಲಿ ಸರದಿ ಕಾಯುತ್ತಾರೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? "ಒಂದ್ ವಿಷ್ಯ ಹೇಳ್ಬೇಕಿತ್ತು" ಅನ್ನುವುದು ಪೂರ್ತಿ ಆಗುವ ಮುಂಚೆಯೇ "ದುಡ್ಡಾ?" ಬಿದ್ದರೆ, ಇವನು ಹಿಂದೆಯೂ ಕೇಳಿದ್ದಾನೆ ಅಂತ ಹೇಳದೆಯೇ ತಿಳಿಯುತ್ತದೆ. ಆರು ಫ್ರೇಮ್ ಎಳೆದರೆ ಒಂದು ಹಳೇ ಕಥೆಯೇ ಒಳಗೆ ಬಂತು. ಹಾಗೆಯೇ "ಐವತ್ತು" ಮತ್ತು "ಸಾವಿರಾನಾ?" ನಡುವೆ ಜಾಗ ಬಿಡಿ. ಎಷ್ಟು? ಅದನ್ನು ಈಗಲೇ ತೀರ್ಮಾನಿಸಬೇಡಿ. ಸುಮ್ಮನಿರುವ ಹೊತ್ತಿನ ಅಳತೆ ಮುಖ ನೋಡಿದ ಮೇಲೇ ಗೊತ್ತಾಗುವುದು. ಬರೀ ಕಿವಿಯಿಂದ ಮಾಡಿದ ಎಡಿಟ್‌ಗೆ ಇರುವ ಮಿತಿ ಇದು.

ಕಟ್ ಎಲ್ಲಿ?

ಈಗ ಚಿತ್ರ ಹಾಕಿ. ಮೊದಲ ಸುತ್ತಿನಲ್ಲಿ ಒರಟಾಗಿಯೇ ಇರಲಿ, ಮಾತು ಮುಗಿದಲ್ಲಿ ಕಟ್. ಆಮೇಲೆ ಒಂದೊಂದೇ ಕಟ್ ಹತ್ತಿರ ಹೋಗಿ, ಸದ್ದನ್ನು ಮುಟ್ಟದೆ ಚಿತ್ರವನ್ನು ಮಾತ್ರ ಹಿಂದೆ ಮುಂದೆ ಸರಿಸಿ. ಮುಂದಿನವರ ಮಾತು ಮೊದಲು ಕೇಳಿಸಿ ಆಮೇಲೆ ಮುಖ ಬಂದರೆ ಜೆ ಕಟ್. ಮಾತಾಡುತ್ತಿರುವವರ ಸದ್ದು ಮುಂದುವರಿಯುತ್ತಲೇ ಕೇಳುವವರ ಮುಖಕ್ಕೆ ಹೋದರೆ ಎಲ್ ಕಟ್. ಟೈಮ್‌ಲೈನಲ್ಲಿ ಕ್ಲಿಪ್ ಕಾಣುವ ಆಕಾರದಿಂದ ಬಂದ ಹೆಸರುಗಳು. ಹೆಸರಿಗಿಂತ ಕಾರಣ ಮುಖ್ಯ: ನಮಗೆ ಆ ಕ್ಷಣ ಯಾರ ಮುಖ ನೋಡಬೇಕು ಅನಿಸುತ್ತದೆ?

ಕೊನೆಯ ಸಾಲನ್ನೇ ನೋಡಿ. "ನಿಮ್ ಭಾವ ನಿಂಗೇಂತ ಎತ್ತಿಟ್ಟಿದ್ದ ದುಡ್ಡನ್ನ ನಾನು ಬೆಳಿಗ್ಗೆ ಚೀಟಿಗೆ ಕಟ್ಟಿಬಿಟ್ಟೆ." ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಲ್ಲ, ಅಲ್ಲ, ಬೇಡ ಕೂಡ ಕೊನೆಗೇ. ಹಾಗಾಗಿ ಒಂದು ಸಾಲಿನ ಏಟು ಬೀಳುವುದು ತೀರಾ ತುದಿಯಲ್ಲಿ. "ಎತ್ತಿಟ್ಟಿದ್ದ ದುಡ್ಡನ್ನ" ತನಕ ತಮ್ಮನಿಗೆ ಆಸೆ ಇದೆ. ಭಾವ ತನಗಾಗಿ ದುಡ್ಡು ಎತ್ತಿಟ್ಟಿದ್ದಾರೆ! "ಚೀಟಿಗೆ" ಅಂದಾಗ ಅನುಮಾನ. "ಕಟ್ಟಿಬಿಟ್ಟೆ" ಅಂದಾಗ ಮುಗಿಯಿತು.

ಸಾಲು ಪೂರ್ತಿ ಅಕ್ಕನ ಮೇಲಿದ್ದು, ಮುಗಿದ ಮೇಲೆ ತಮ್ಮನಿಗೆ ಕಟ್ ಮಾಡಿದರೆ ನಮಗೆ ಸಿಗುವುದು ಆಗಲೇ ಬಾಡಿದ ಮುಖ. ಸಪ್ಪೆ. "ದುಡ್ಡನ್ನ" ಅನ್ನುವ ಸ್ವಲ್ಪ ಮುಂಚೆಯೇ ತಮ್ಮನ ಕ್ಲೋಸಿಗೆ ಹೋಗಿ, ಅಕ್ಕನ ದನಿ ಅವನ ಮುಖದ ಮೇಲೆ ಓಡಲಿ. ಆಸೆ ಅರಳುವುದೂ ಕಾಣುತ್ತದೆ, ಕುಸಿಯುವುದೂ ಕಾಣುತ್ತದೆ. ನಡುವೆ ಒಂದೂ ಕಟ್ ಇಲ್ಲ. ತಮ್ಮನ ಸೀನ್ ಅಂತ ನಿರ್ಧರಿಸಿದ್ದರೆ ಇದೇ ದಾರಿ. ಅಕ್ಕನ ಸೀನ್ ಆಗಿದ್ದರೆ ಅವಳ ಮುಖ ಬಿಟ್ಟು ಕದಲಬೇಡಿ. "ಕಟ್ಟಿಬಿಟ್ಟೆ" ಆದ ಮೇಲೂ ಅಲ್ಲೇ ಇರಿ. ಅವಳು ಕಣ್ಣು ತಗ್ಗಿಸಿ ಮತ್ತೆ ಕಾಳಿಗೆ ಕೈ ಹಾಕುವ ತನಕ ತಮ್ಮನನ್ನು ತೋರಿಸಲೇಬೇಡಿ.

ನಟಿ ಒಂದು ಟೇಕಿನಲ್ಲಿ ಸಾಲು ತಿರುಗಿಸಿ "ಕಟ್ಟಿಬಿಟ್ಟೆ ಕಣೋ, ಬೆಳಿಗ್ಗೇನೇ, ಚೀಟಿಗೆ" ಅಂದಿರಬಹುದು. ಆಗ ಏಟು ಮೊದಲೇ ಬಿತ್ತು, ಉಳಿದದ್ದು ಸಮಜಾಯಿಷಿ. ಕಟ್ಟೂ ಅಷ್ಟೇ ಬೇಗ ಬರಬೇಕು. ಇಂಗ್ಲಿಷ್ ಸೀನ್ ಇಟ್ಟುಕೊಂಡು ಪಾಠ ಮಾಡುವ ಟ್ಯುಟೋರಿಯಲ್‌ಗಳನ್ನು ನೋಡಿ ಕಲಿತವರು ಇಲ್ಲಿ ಎಡವುತ್ತಾರೆ. ಅಲ್ಲಿ ವಾಕ್ಯದ ಭಾರ ಬೇರೆ ಕಡೆ ಬೀಳುತ್ತದೆ. ನಮ್ಮ ಸಾಲನ್ನು ನಾವೇ ಬಾಯಲ್ಲಿ ಹೇಳಿಕೊಂಡು, ಕೇಳುವವನಿಗೆ ಯಾವ ಅಕ್ಷರದ ಹೊತ್ತಿಗೆ ವಿಷಯ ತಿಳಿಯಿತು ಅಂತ ಹುಡುಕಬೇಕು. ಸ್ಕ್ರಿಪ್ಟ್ ಪ್ರಿಂಟ್ ತೆಗೆದು ಪ್ರತಿ ಸಾಲಿನಲ್ಲೂ ಆ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ. ಎಲ್ಲ ಗೆರೆಯಲ್ಲೂ ಕಟ್ ಮಾಡಬೇಕು ಅಂತಲ್ಲ. ಆದರೆ ಕಟ್ ಮಾಡಿದ ಕಡೆ ಗೆರೆ ಇಲ್ಲದಿದ್ದರೆ, ಯಾಕೆ ಕಟ್ ಮಾಡಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಕಂಟಿನ್ಯೂಟಿ ಗಲಾಟೆ

ಅವರೆಕಾಳು ಕಾಟ ಕೊಡುತ್ತದೆ. ಮಾಸ್ಟರಿನಲ್ಲಿ ಪಾತ್ರೆ ಅರ್ಧ, ಕ್ಲೋಸಲ್ಲಿ ಮುಕ್ಕಾಲು, ಸಜೆಷನ್ನಿನಲ್ಲಿ ಮತ್ತೆ ಕಾಲು. ನಟನೆ ಚೆನ್ನಾಗಿರುವ ಟೇಕೋ, ಕಾಳು ಸರಿಯಾಗಿರುವ ಟೇಕೋ ಅಂತ ಬಂದರೆ ಕಣ್ಣು ಮುಚ್ಚಿ ನಟನೆ ಆರಿಸಿ. ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್ ಒಂದು ಒಳ್ಳೆಯ ಕಟ್ ಪೂರೈಸಬೇಕಾದ ಆರು ಸಂಗತಿಗಳಿಗೆ ಅಂಕ ಹಂಚಿದ್ದಾರೆ. ಭಾವನೆಗೆ ನೂರಕ್ಕೆ 51. ಯಾರು ಎಲ್ಲಿದ್ದಾರೆ, ಏನು ಎಲ್ಲಿದೆ ಅನ್ನುವ ಜಾಗದ ಕಂಟಿನ್ಯೂಟಿಗೆ 4. ಅಂಕಗಳನ್ನು ಸ್ವಲ್ಪ ತಮಾಷೆಯಾಗಿಯೇ ತೆಗೆದುಕೊಳ್ಳಬೇಕು, ಆದರೆ ಯಾವುದಕ್ಕೆ ಜಾಸ್ತಿ, ಯಾವುದಕ್ಕೆ ಕಮ್ಮಿ ಅನ್ನುವ ಕ್ರಮ ಸರಿಯಾಗಿದೆ. ನೋಡುವವರು ಪಾತ್ರೆ ಎಣಿಸುತ್ತಿದ್ದಾರೆ ಅಂದರೆ ನಿಮ್ಮ ಸೀನ್ ಆಗಲೇ ಸೋತಿದೆ.

ಹಾಗಂತ ಕಣ್ಣಿಗೆ ರಾಚುವುದನ್ನು ಬಿಡಬೇಡಿ. ಎಡಗೈ ಎತ್ತಿದ್ದು ಮುಂದಿನ ಶಾಟಲ್ಲಿ ಬಲಗೈ ಆದರೆ ಯಾರಿಗಾದರೂ ಕಾಣುತ್ತದೆ. ಆಗ ಕೈಯ ಇನ್ಸರ್ಟ್ ನಡುವೆ ಹಾಕಿ ದಾಟಿಕೊಳ್ಳಬಹುದು. ಅಥವಾ ಅಕ್ಕ ತಲೆ ಎತ್ತುವ ಚಲನೆಯ ನಡುವೆಯೇ ಕಟ್ ಮಾಡಿ. ಕಣ್ಣು ಚಲನೆಯ ಹಿಂದೆ ಓಡುತ್ತಿರುವಾಗ ಪಾತ್ರೆ ನೋಡೋಕೆ ಪುರುಸೊತ್ತಿರಲ್ಲ.

ಸಜೆಷನ್ ಶಾಟಿನ ಒಂದು ಉಪಕಾರ ಹೇಳಿಬಿಡುತ್ತೇನೆ. ಅದರಲ್ಲಿ ಒಬ್ಬರ ಬೆನ್ನಷ್ಟೇ ಕಾಣುತ್ತದೆ, ತುಟಿ ಕಾಣಲ್ಲ. ಹಾಗಾಗಿ ಆ ಬೆನ್ನಿನ ಬಾಯಿಗೆ ಬೇರೆ ಟೇಕಿನ ಒಳ್ಳೆಯ ಮಾತು ಹಾಕಬಹುದು, ಮಾತು ಉದ್ದವಾದರೆ ಒಂದು ಪದ ಕಿತ್ತೂ ಹಾಕಬಹುದು. ದವಡೆ ಅಲ್ಲಾಡುವುದು ಮಾತ್ರ ತೀರಾ ಬೇರೆಯಾಗದ ಹಾಗೆ ನೋಡಿಕೊಳ್ಳಿ.

ಸದ್ದಿನ ಹೊಲಿಗೆ

ಬೇರೆ ಬೇರೆ ಟೇಕಿನ ಮಾತು ಜೋಡಿಸಿದಾಗ ಹಿನ್ನೆಲೆಯ 'ಹುಂ' ಸದ್ದು ಪ್ರತಿ ಕಟ್ಟಿಗೂ ಬದಲಾಗುತ್ತದೆ. ಫ್ರಿಜ್ ಒಂದು ಟೇಕಿನಲ್ಲಿ ಓಡುತ್ತಿತ್ತು, ಇನ್ನೊಂದರಲ್ಲಿ ನಿಂತಿತ್ತು. ನೀವು ಆರು ಫ್ರೇಮ್ ಕಿತ್ತ ಜಾಗದಲ್ಲಿ ಪೂರ್ತಿ ನಿಶ್ಶಬ್ದ. ಆ ತೂತುಗಳಿಗೆ ರೂಮ್ ಟೋನ್ ತುಂಬಿ. ಪ್ರತಿ ಜೋಡಣೆಗೂ ಎರಡು ಫ್ರೇಮಿನಷ್ಟು ಸಣ್ಣ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ, 'ಟಿಕ್' ಅನ್ನುವುದು ಹೋಗುತ್ತದೆ. ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಆಡುತ್ತಿರಲಿ, ಜೋರಾದ ಮಾತು ಮೈನಸ್ 6 ದಾಟದಿರಲಿ.

ಮ್ಯೂಸಿಕ್? ಈಗ ಬೇಡ. ಪಿಟೀಲು ಹಾಕಿದ ತಕ್ಷಣ ಕೆಟ್ಟ ಕಟ್ಟೂ ಚೆನ್ನಾಗಿದೆ ಅನಿಸುತ್ತದೆ. ಕಲಿಯುವಾಗ ಅಂಥ ಸಮಾಧಾನದಿಂದ ನಷ್ಟವೇ ಜಾಸ್ತಿ. ಕುಕ್ಕರ್ ಸೀಟಿ ಒಂದು ಬೇಕು ಅನಿಸಿದರೆ ಹಾಕಿಕೊಳ್ಳಿ. "ಐವತ್ತು" ಆದ ಮೇಲಿನ ಮೌನಕ್ಕೆ ಅದೇ ಸಾಕಾಗಬಹುದು.

ಪರೀಕ್ಷೆ

ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಮೊದಲು ಸದ್ದಿಲ್ಲದೆ: ಯಾರು ಕೇಳುತ್ತಿದ್ದಾರೆ, ಯಾರು ಇಲ್ಲ ಅನ್ನುತ್ತಿದ್ದಾರೆ ಅಂತ ತಿಳಿಯಬೇಕು. ಆಮೇಲೆ ಚಿತ್ರವಿಲ್ಲದೆ ಕೇಳಿ. ನಿಂತುಕೊಂಡೂ ಒಮ್ಮೆ ನೋಡಿ. ಕಾಲು ನೋಯುವ ಜಾಗದಲ್ಲಿ ಸೀನ್ ಎಳೆದಿದೆ ಅಂತ ಅರ್ಥ.

ನಂತರ ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಮುನ್ನುಡಿ ಬೇಡ, "ಇನ್ನೂ ಕಲರ್ ಆಗಿಲ್ಲ" ಅಂತ ನೆಪ ಬೇಡ. ಸ್ಕ್ರೀನ್ ನೋಡದೆ ಅವರ ಮುಖ ನೋಡಿ. ಮೊಬೈಲಿನ ಕಡೆ ಕಣ್ಣು ಹೋದ ಕ್ಷಣದ ಟೈಮ್‌ಕೋಡ್ ಬರೆದುಕೊಳ್ಳಿ. "ಹೇಗಿದೆ?" ಅಂತ ಕೇಳಿದರೆ "ಸೂಪರ್" ಅನ್ನುತ್ತಾರೆ, ಪ್ರಯೋಜನವಿಲ್ಲ. "ಯಾರನ್ನ ನೋಡಿ ಪಾಪ ಅನಿಸಿತು?" ಅಂತ ಕೇಳಿ. ನೀವು ತಮ್ಮನ ಸೀನ್ ಮಾಡಿದ್ದು, ಅವರು ಅಕ್ಕ ಅಂದರೆ ಮತ್ತೆ ಟೈಮ್‌ಲೈನಿಗೆ ಹೋಗಬೇಕು. ಅವರು ಹೇಳುವ ಪರಿಹಾರ ಕೇಳಬೇಕಾಗಿಲ್ಲ, ಅವರಿಗೆ ತೊಡಕಾದ ಜಾಗ ಮಾತ್ರ ನಿಜ. ಎಷ್ಟೋ ಸಲ ತೊಡಕಿನ ಕಾರಣ ಅದಕ್ಕಿಂತ ಎರಡು ಸಾಲು ಹಿಂದೆ ಇರುತ್ತದೆ. "ಕಟ್ಟಿಬಿಟ್ಟೆ" ತಟ್ಟಲಿಲ್ಲ ಅಂದರೆ "ಭಾವಂಗೆ ಹೇಳ್ಬೇಡ" ಸಾಲಿನಲ್ಲಿ ತಮ್ಮನ ಮುಖ ನಾವು ಸರಿಯಾಗಿ ನೋಡಿಯೇ ಇಲ್ಲ ಅಂತಿರಬಹುದು.

ಇದು ಮುಗಿದ ಮೇಲೆ ಟೈಮ್‌ಲೈನಿನ ಒಂದು ನಕಲು ಮಾಡಿ, ಹೆಸರು ಬದಲಿಸಿ, ಅದೇ ಫೂಟೇಜಿನಿಂದ ಇನ್ನೊಬ್ಬರ ಸೀನ್ ಕಟ್ಟಿ. ಒಂದೇ ಒಂದು ಡೈಲಾಗ್ ಬದಲಾಯಿಸಬಾರದು ಅನ್ನುವುದು ನಿಯಮ. ಎರಡನ್ನೂ 1080ಪಿ, ಎಚ್.264, 25 ಫ್ರೇಮಿಗೆ ಎಕ್ಸ್‌ಪೋರ್ಟ್ ಮಾಡಿ, ಫೂಟೇಜ್ ಕೊಟ್ಟ ತಂಡಕ್ಕೆ ಎರಡನ್ನೂ ಕಳಿಸಿ. ಯಾವುದು ಯಾರದು ಅಂತ ಮೊದಲೇ ಹೇಳಬೇಡಿ.